ಅಪ್ಪ ಸುಮ್ಮನಾದ ತಿರುವು

ಮೊನ್ನೆ ಮುಂಜಾನೆ ನನ್ನ ತಮ್ಮ ಆನಂದ ಫೋನು ಮಾಡಿ, "ಅಕ್ಕಾ, ನಿನ್ನ ಇರಿಬಿ ಮತ್ತ ಬಂದಾವ. ಬಂದು ಕರಕೊಂಡ ಹೋಗು," ಅಂದ. ಇರುವೆಗಳು ನನ್ನವಲ್ಲ, ಕಾರೂ ನನ್ನದಲ್ಲ, ಕಾರು ಅವನದು. ಆದರೆ ಆ ಕಾರಿನಲ್ಲಿ ಒಂದು ಸ್ಟೀಲಿನ ಡಬ್ಬಿಯೊಳಗೆ ಬೆಲ್ಲ ಇಟ್ಟವಳು ನಾನು. ಮುಚ್ಚಳ ಎಷ್ಟು ಬಿಗಿ ಮಾಡಿದರೂ, ಮೇಲೆ ಅರಿವೆ ಸುತ್ತಿದರೂ, ಇರುವೆಗೆ ಅದರ ಹಾದಿ ಸಿಕ್ಕೇ ಸಿಗುತ್ತದೆ. ಎರಡು ಓಣಿ ದಾಟಿ ಅವನ ಮನೆಗೆ ಹೋಗಿ ಕಾರಿನ ಬಾಗಿಲು ತೆಗೆದೆ. ಮುಚ್ಚಿಟ್ಟ ಕಾರಿನೊಳಗಿಂದ ಬೆಲ್ಲದ ವಾಸನೆ ಘಮ್ಮನೆ ಮುಖಕ್ಕೆ ಬಂತು. ಬೇರೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಅಂಗೈ ಬೆವರುತ್ತದೆ.

ಯಾಕೆ ಅಂತ ಹೇಳುತ್ತೇನೆ, ಅವಸರ ಮಾಡಬೇಡಿ. ಮೊದಲು ನನ್ನ ಸ್ವಭಾವ ನಿಮಗೆ ಗೊತ್ತಾಗಬೇಕು. ನಾನು ಹುಟ್ಟಾ ಅಂಜುಬುರುಕಿ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ಹಾದಿಯಿಂದ ಮನೆಗೆ ಮರಳಿದವಳು. ಲಿಫ್ಟು ಬೇಡ, ನಾಯಿ ಬೇಡ, ಗುಡುಗು ಬೇಡವೇ ಬೇಡ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಭೂಕಂಪದ ಪಾಠ ಬಂದಾಗ ಮಕ್ಕಳು ಆಕಳಿಸುತ್ತಿರುತ್ತಾರೆ, ನಾನು ಮಾತ್ರ ಮೇಲಿನ ಜಂತಿ ನೋಡುತ್ತಿರುತ್ತೇನೆ. ಎಲ್ಲಕ್ಕಿಂತ ದೊಡ್ಡ ಅಂಜಿಕೆ ಎಂದರೆ ಓಡುವ ಗಾಡಿಯೊಳಗೆ ಕೂಡುವುದು. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ಹಾಗೆ: ನಾನು ಬಸ್ಸಿನ ಡ್ರೈವರನ ಮಗಳು.

ಅಪ್ಪ ಸರಕಾರಿ ಬಸ್ಸು ಓಡಿಸುತ್ತಿದ್ದ. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು, ಹೆಚ್ಚು ಕಡಿಮೆ ಇದೇ ಹಾದಿಯಲ್ಲಿ ಅವನ ಆಯುಷ್ಯ ಕಳೆಯಿತು. ಸಣ್ಣವಳಿದ್ದಾಗ ಶಾಲೆಯ ಸೂಟಿಯಲ್ಲಿ ನನ್ನನ್ನು ತನ್ನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದ. ಪ್ರತಿ ತಿರುವಿನಲ್ಲೂ ನಾನು ಬಲಗಾಲಿನಿಂದ ಬಸ್ಸಿನ ತಗಡನ್ನು ಗಟ್ಟಿಯಾಗಿ ಒತ್ತುತ್ತಿದ್ದೆ, ಅಲ್ಲೊಂದು ಬ್ರೇಕು ಇದ್ದ ಹಾಗೆ. ಅಪ್ಪ ಕನ್ನಡಿಯೊಳಗೆ ನೋಡಿ ನಗುತ್ತಿದ್ದ. "ನಿನ್ನ ಕಾಲಾಗೊಂದು ಬ್ರೇಕ್ ಕೂಡಿಸಿದ್ರ ನಮ್ಮ ಡಿಪೋಕ್ಕ ಭಾಳ ಛಲೋ ಆಗ್ತಿತ್ತು ನೋಡವಾ," ಅನ್ನುತ್ತಿದ್ದ. ಹಿಂದಿನ ಮಂದಿಯೂ ನಗುತ್ತಿದ್ದರು. ಆ ಚಾಳಿ ನನಗೆ ಇವತ್ತಿಗೂ ಹೋಗಿಲ್ಲ.

ಅಪ್ಪನ ಇನ್ನೊಂದು ಗುಣ ಎಂದರೆ ಮುನಿಸು. ಅಂಥಿಂಥ ಮುನಿಸಲ್ಲ. ಬಯ್ಯುವುದಿಲ್ಲ, ಕೂಗುವುದಿಲ್ಲ, ಬಾಯಿ ಮುಚ್ಚಿಬಿಡುತ್ತಾನೆ. ಕಣ್ಣು ಅರೆ ಮುಚ್ಚಿ, ಗದ್ದ ಎದೆಗೆ ಒತ್ತಿ ಕುಳಿತನೆಂದರೆ ಕರೆದರೂ ಓ ಅನ್ನುವುದಿಲ್ಲ. ಅವನ ಬಸ್ಸಿನ ಖಾಯಂ ಮಂದಿಗೂ ಇದು ಗೊತ್ತಿತ್ತು. "ಇವತ್ತ ಡ್ರೈವರ ಸಾಹೇಬ್ರು ಗರಂ ಅದಾರ, ಹಗೂರಕ ಹತ್ರಿ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹತ್ತುತ್ತಿದ್ದರಂತೆ. ಮನೆಯಲ್ಲಿ ಅವ್ವ ಅದಕ್ಕೊಂದು ಕಾಯಿದೆಯನ್ನೇ ಮಾಡಿದ್ದಳು. "ಮುನಿಸು ಅಂದ್ರ ಹುಣ್ಣಿದ್ದಂಗ. ಮುಟ್ಟಬಾರದು. ತಾನ ಹಣ್ಣಾಗಿ ತಾನ ಒಡಿಬೇಕು," ಅನ್ನುತ್ತಿದ್ದಳು. ನಾವೆಲ್ಲ ಆ ಕಾಯಿದೆಯೊಳಗೇ ಬೆಳೆದವರು. ಅಪ್ಪ ಸುಮ್ಮನಾದರೆ ನಾವು ಅತ್ತ ಹಾಯುತ್ತಿರಲಿಲ್ಲ.

ಇನ್ನು ವಾರದ ಮನೆಯ ಸಂಗತಿ. ನನ್ನ ತಂಗಿ ಸುಜಾತಾ ಬೆಳಗಾವಿಯಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಅವಳ ಗಂಡ ಪ್ರಕಾಶ ಒಂದು ಟೈಮ್‌ಶೇರಿಗೆ ಮೆಂಬರ್ ಆದ. ಕಿತ್ತೂರು ದಾಟಿ, ದೇಗಾಂವದ ಆಚೆ ಕಾಡು ಸುರುವಾಗುವ ಕಡೆಗೆ ಒಂದು ರಿಸಾರ್ಟು. ಅದರೊಳಗಿನ ಒಂದು ಮನೆ ವರ್ಷಕ್ಕೊಂದು ವಾರ ಇವರದು, ಉಳಿದ ವಾರಗಳು ಬೇರೆ ಬೇರೆಯವರವು. ಇವರಿಗೆ ಸಿಕ್ಕಿದ್ದು ಚಳಿಗಾಲದ ವಾರ. "ಪ್ರತಿ ವರ್ಷ ಎಲ್ಲಾರೂ ಅಲ್ಲೇ ಕೂಡೂಣು," ಎಂದು ಸುಜಾತಾ ಸಂಭ್ರಮದಿಂದ ಫೋನು ಮಾಡಿದಳು. ಅಪ್ಪನಿಗೆ ಮಾತ್ರ ತಲೆಗೆ ಹೋಗಲಿಲ್ಲ.

"ಅಲ್ಲಪಾ ಪ್ರಕಾಶಾ, ನಾವು ಮಲಗೂ ಹಾಸಿಗಿ ಮ್ಯಾಲೆ ಹ್ವಾದ ವಾರ ಯಾರ ಮಲಗಿದ್ರು?" ಎಂದು ಕೇಳಿದ.

"ಯಾರೋ ಮೆಂಬರ್ರು ಮಾವಾರ. ನಮಗ ಗೊತ್ತಿರಂಗಿಲ್ಲ."

"ಮುಂದಿನ ವಾರ?"

"ಮತ್ಯಾರೋ."

"ಹಂಗಾರ ಇದು ಮನಿ ಅಲ್ಲ ಬಿಡು. ರಿಸರ್ವೇಶನ್ ಮಾಡಿಸಿದ ಸೀಟು," ಅಂದ ಅಪ್ಪ. ಅವ್ವ ಅದಕ್ಕೆ ವಾರದ ಮನಿ ಎಂದು ಹೆಸರಿಟ್ಟಳು. ಆ ಹೆಸರೇ ನಿಂತಿತು.

ಮೊದಲ ವರ್ಷ ನಾವು ರಾಮದುರ್ಗದ ಮನೆಯಿಂದ ಹೊರಟ ದಿನದ ಮಾತು ಇದು. ಆನಂದ ಹೊಸ ಕಾರು ತಂದು ಬಹಳ ದಿನ ಆಗಿರಲಿಲ್ಲ. ಮುಂದಿನ ಗಾಜಿನ ಕೆಳಗೆ ಬುದ್ಧನ ಸಣ್ಣ ಮೂರ್ತಿಯನ್ನು ಅಂಟಿಸಿದ್ದ. ಹಿಂದೆ ಕೂತರೆ ಅವ್ವನಿಗೆ ವಾಂತಿಯಾಗುತ್ತದೆಂದು ಅವಳು ಮುಂದೆ. ಹಿಂದೆ ನಾನು ಮತ್ತು ಅಪ್ಪ. ನಮ್ಮ ಮನೆಯವರಿಗೆ ರಜೆ ಸಿಕ್ಕಿರಲಿಲ್ಲ, ಆನಂದನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಂದು ದಿನ ಮೊದಲೇ ಹೋಗಿದ್ದಳು. ಡಿಕ್ಕಿಯಲ್ಲಿ ಜೋಳದ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅನ್ನುವ ಚಟ್ನಿಪುಡಿಗಳು, ಗಡಿಗೆಯಲ್ಲಿ ಮೊಸರು, ಒಂದು ಚೀಲ ಹಸಿ ಮೆಣಸಿನಕಾಯಿ. ರಿಸಾರ್ಟಿನಲ್ಲಿ ಊಟ ಸಿಗುತ್ತದೆ ಎಂದರೆ ಅವ್ವ ನಂಬಲಿಲ್ಲ. ಆದರೆ ಅಷ್ಟೆಲ್ಲದರಲ್ಲಿ ಸಿಹಿ ಅನ್ನುವುದು ಚಿಟಿಕೆಯಷ್ಟೂ ಇರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗಿನಿಂದ ಅವ್ವ ಸಿಹಿಯನ್ನು ಮನೆಯಿಂದ ಗಡಿಪಾರು ಮಾಡಿದ್ದಳು. ನೆಂಟರು ಬಂದರೂ ಸಪ್ಪನೆ ಚಹಾ. ಅದು ಸಿಟ್ಟಲ್ಲ, ಭಯ. ಅವಳ ಅಣ್ಣ ಅದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡಿದ್ದ.

ಅಪ್ಪ ಆಗಷ್ಟೇ ಇನ್ಸುಲಿನ್ ಸೂಜಿ ಸುರು ಮಾಡಿದ್ದ. ಆ ಮುಂಜಾನೆಯೂ ಹೊಟ್ಟೆಗೆ ಸೂಜಿ ಚುಚ್ಚಿಕೊಂಡ. ಆದರೆ ನಾಷ್ಟಾ ಮುಟ್ಟಲಿಲ್ಲ, ಸಪ್ಪನೆ ಚಹಾ ಅಷ್ಟೇ ಕುಡಿದ. ಹಾದಿಯಲ್ಲಿ ಸವದತ್ತಿಯಲ್ಲಿ ಅವನ ಅಕ್ಕ, ನಮ್ಮ ದುರಗವ್ವ ಅತ್ತೆಯ ಮನೆ. ಅಕ್ಕನ ಮನೆಗೆ ಹೊಟ್ಟೆ ತುಂಬಿಸಿಕೊಂಡು ಹೋಗುವುದೆಂದರೆ ನಮ್ಮ ಕಡೆ ಅವಳ ಮುಖಕ್ಕೆ ಹೊಡೆದ ಹಾಗೆ. "ಅಕ್ಕ ಹಾದಿ ಕಾಯತಿರತಾಳ, ಅಲ್ಲೇ ಉಣತೇನಿ," ಅಂದ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಊರು ದಾಟುವ ಮೊದಲೇ ಅಪ್ಪ ಮತ್ತು ಆನಂದನ ಜುಗಲಬಂದಿ ಸುರುವಾಯಿತು. ನಿವೃತ್ತ ಡ್ರೈವರನನ್ನು ಹಿಂದೆ ಕೂಡಿಸಿಕೊಂಡು ಗಾಡಿ ಓಡಿಸುವ ಕಷ್ಟ ಓಡಿಸಿದವರಿಗೇ ಗೊತ್ತು. "ಗೇರ್ ಇಳಸು. ಅಲ್ಲೇನು ಅವಸರ ಐತಿ? ಮುಂದ ಹಂಪ್ ಬರತೈತಿ. ಎಮ್ಮಿ ಕಾಣವಲ್ದೇನು?" ಆನಂದ ಸ್ವಲ್ಪ ಹೊತ್ತು ತಡೆದ. ಸವದತ್ತಿಯ ಹತ್ತಿರ ಬರುವಷ್ಟರಲ್ಲಿ ಅವನ ತಾಳ್ಮೆ ಮುಗಿಯಿತು. "ಯಪ್ಪಾ, ನೀ ಈಗ ರಿಟೈರ್ ಆಗೀದಿ. ಸುಮ್ಮ ಕುಂದ್ರಪಾ!" ಅಂದ. ಅಪ್ಪ ಕಿಟಕಿಯ ಕಡೆ ತಿರುಗಿದ. ಅವ್ವ ದೂರದ ಎಲ್ಲಮ್ಮನ ಗುಡ್ಡಕ್ಕೆ ಕೈ ಮುಗಿದು ಬಾಯೊಳಗೇ ಉಧೋ ಅಂದಳು. "ಮುಂದ ಬುದ್ಧ ಅದಾನ, ಮ್ಯಾಲೆ ಎಲ್ಲವ್ವ. ಎರಡೂ ಕಡೆ ವಿಮಾ ಆತು ನಮಗ," ಎಂದು ಆನಂದ ನಗಿಸಲು ನೋಡಿದ. ಅಪ್ಪ ನಗಲಿಲ್ಲ.

ಅತ್ತೆಯ ಮನೆಯಲ್ಲಿ ಹೋಳಿಗೆ. ತಮ್ಮ ಬರುತ್ತಾನೆಂದು ಬೆಳಕು ಹರಿಯುವ ಮೊದಲೇ ಎದ್ದು ಬೇಳೆ ಕುದಿಸಿದ್ದಳಂತೆ. ಬಿಸಿ ಹೋಳಿಗೆ ತಂದು ಮೊದಲು ಅಪ್ಪನ ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ಅಪ್ಪನ ಮುಖ ಬಿರಿಯಿತು. ಅವ್ವನ ಮುಖ ಬಿಳುಪಾಯಿತು. "ಏನ್ ಮಾಡಾಕತ್ತೀರಿ ಅಕ್ಕಾ, ಕೊಲ್ಲತೀರೇನು ಇವ್ರನ್ನ?" ಎಂದವಳೇ ಆ ಹೋಳಿಗೆ ಎತ್ತಿ ನನ್ನ ತಾಟಿಗೆ ಹಾಕಿದಳು. ತಾಟಿನಿಂದ ಹೋಳಿಗೆ ಎತ್ತುವುದು! ಅದೂ ಅವನ ಅಕ್ಕನ ಎದುರಿಗೆ, ಅವಳ ಸೊಸೆ ಮೊಮ್ಮಕ್ಕಳ ಎದುರಿಗೆ. ಅಪ್ಪ ಒಂದು ಮಾತೂ ಆಡದೆ ತಾಟಿನೊಳಗೇ ಕೈ ತೊಳೆದ. "ನನಗ ಹಸಿವಿಲ್ಲ," ಅಂದ. ಅತ್ತೆ ಅಳುವ ಹಾಗಾದಳು. ರೊಟ್ಟಿ ತಂದಳು, ಅನ್ನ ತಂದಳು, ಅಪ್ಪ ಮುಟ್ಟಲಿಲ್ಲ. ನನ್ನ ತಾಟಿನ ಹೋಳಿಗೆಯನ್ನು ನಾನು ತಿಂದೆ. ಸುಳ್ಳು ಯಾಕೆ ಹೇಳಲಿ, ಬಹಳ ರುಚಿಯಾಗಿತ್ತು.

ಮತ್ತೆ ಕಾರು ಹೊರಟಿತು. ಅಪ್ಪ ಗದ್ದ ಎದೆಗೊತ್ತಿ, ಕಣ್ಣು ಅರೆ ಮುಚ್ಚಿ ಕೂತ. ಅವ್ವ ಹಿಂದೆ ತಿರುಗಿ ನೋಡಿ ನನಗೆ ಕಣ್ಸನ್ನೆ ಮಾಡಿದಳು: ಮುಟ್ಟಬೇಡ. ನಾನು ಮುಟ್ಟಲಿಲ್ಲ. ನನಗೆ ನನ್ನದೇ ಚಿಂತೆ ಬೇಕಾದಷ್ಟಿತ್ತು. ಕಬ್ಬಿನ ಕಾಲ ಅದು. ಬೈಲಹೊಂಗಲದ ಹಾದಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಮನೆ ಎತ್ತರಕ್ಕೆ ಕಬ್ಬು, ಹಿಂದೆ ದೀಪವಿಲ್ಲ, ಮುಂದೆ ಎದೆ ನಡುಗಿಸುವ ಹಾಡು. ಅವು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವುದನ್ನು ನೋಡಿದರೆ ನನಗೆ ಎದೆ ಬಾಯಿಗೆ ಬರುತ್ತದೆ. "ಆನಂದಾ, ಹಿಂದ ಸರಿ. ಆನಂದಾ, ಅದು ಬೀಳತೈತಿ. ಆನಂದಾ, ಓವರ್‌ಟೇಕ್ ಮಾಡಬ್ಯಾಡೋ," ಎಂದು ಹಾದಿಯುದ್ದಕ್ಕೂ ಜಪ ಮಾಡಿದೆ. "ಅಕ್ಕಾ, ನೀ ಅಂಜಿದ್ದರೊಳಗ ಒಂದರೆ ಖರೆ ಆಗೈತೇನ ಇಲ್ಲೀತನ?" ಅಂದ ಅವನು. ಆಗಿರಲಿಲ್ಲ, ಒಪ್ಪುತ್ತೇನೆ. ಬೈಲಹೊಂಗಲ ದಾಟಿತು. ಅಪ್ಪ ಇನ್ನೂ ಹಾಗೇ ಕೂತಿದ್ದ.

ಈಗ ಆ ತಿರುವಿನ ಬಗ್ಗೆ ಹೇಳಬೇಕು. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ಹಾದಿಯಲ್ಲಿ ಒಂದು ಹಳೆಯ ಹುಣಸೆಮರ ಇದೆ, ಅದರ ಬುಡದಲ್ಲೇ ರಸ್ತೆ ಹೊರಳುತ್ತದೆ. ಎರಡೂ ಬದಿಗೆ ಆಳೆತ್ತರದ ಕಬ್ಬು ನಿಂತಿರುವುದರಿಂದ ಎದುರಿಗೆ ಬರುವುದು ಏನೂ ಕಾಣುವುದಿಲ್ಲ. ಅಪ್ಪ ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಲ್ಲಿ ಒಂದು ಚಕ್ಕಡಿ ದಿಢೀರನೆ ಎದುರಾಗಿತ್ತಂತೆ. ಎತ್ತಿನ ಕೋಡು ಬಸ್ಸಿನ ಮುಖಕ್ಕೆ ತಾಗುವಷ್ಟರಲ್ಲಿ ಗಾಡಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಆ ಮರದ ಹತ್ತಿರ ಎರಡು ಸಲ ಹಾರ್ನ್ ಹಾಕದೆ ಅವನು ಹೋದದ್ದಿಲ್ಲ. ಬೇರೆ ಯಾರು ಗಾಡಿ ಓಡಿಸುತ್ತಿದ್ದರೂ "ಹಾರ್ನ್ ಹಾಕು" ಎಂದು ಹೇಳದೆ ಬಿಟ್ಟದ್ದಿಲ್ಲ. ಸುಜಾತಾಳ ಮದುವೆಯ ವರ್ಷ ದಿಬ್ಬಣದ ಗಾಡಿಯಲ್ಲಿ ಬೀಗರ ಮೇಲೆ ಮುನಿಸಿಕೊಂಡು ಊರಿಂದ ಊರಿಗೆ ತುಟಿ ಬಿಚ್ಚದವನು, ಆ ಮರ ಕಂಡ ಕೂಡಲೇ ಹಲ್ಲು ಕಚ್ಚಿಯೇ "ಹಾರ್ನ್" ಅಂದಿದ್ದ. ಆಮೇಲೆ ಮತ್ತೆ ಮುನಿಸು.

ಆ ದಿನ ಹುಣಸೆಮರ ಬಂತು. ಆನಂದ ಹಾರ್ನ್ ಹಾಕಲಿಲ್ಲ, ಹಟಕ್ಕೇ ಹಾಕಲಿಲ್ಲ ಅನಿಸುತ್ತದೆ. ನಾನು ಅಪ್ಪನ ದನಿಗಾಗಿ ಕಾದೆ. ಅದು ಬರಲಿಲ್ಲ. ಕಾರು ಮರದ ನೆರಳೊಳಗೆ ಹೊರಳಿತು.

ಅದುವರೆಗೂ ನಾನು ಪಟ್ಟ ಭಯಗಳೆಲ್ಲ ಒಂದು ಥರ, ಇದೇ ಬೇರೆ. ಅವುಗಳಿಗೆ ನಾನು ಕೂಗುತ್ತಿದ್ದೆ. ಇದಕ್ಕೆ ನಾಲಿಗೆಯೇ ಏಳಲಿಲ್ಲ. ಮೆಲ್ಲಗೆ ಅಪ್ಪನ ಕಡೆ ತಿರುಗಿದೆ. ಕಾರಿನೊಳಗೆ ತಂಪು ಗಾಳಿ ಬೀಸುತ್ತಿತ್ತು, ಅವನ ಅಂಗಿಯ ಕಾಲರು ತೊಯ್ದು ಕುತ್ತಿಗೆಗೆ ಅಂಟಿತ್ತು. ಹಣೆಯಿಂದ ಬೆವರು ಇಳಿದು ಮೀಸೆಯಲ್ಲಿ ನಿಂತಿತ್ತು. ಕಣ್ಣು ಅರೆ ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಎಡಗೈ ಮೊಣಕಾಲಿನ ಪಕ್ಕದಲ್ಲಿ ಏನನ್ನೋ ಹಿಡಿದು ಮುಂದಕ್ಕೂ ಹಿಂದಕ್ಕೂ ನೂಕುತ್ತಿತ್ತು. ಅವನು ಗೇರ್ ಬದಲಿಸುತ್ತಿದ್ದ.

"ಅಪ್ಪಾ," ಅಂದೆ.

"ಹಿಡೀವಲ್ದು," ಅಂದ, ತೊದಲುತ್ತ. "ಬ್ರೇಕ ಹಿಡೀವಲ್ದು. ಒಳಗ ಮಂದಿ ಅದಾರ."

ನಾನು ಕೆಳಗೆ ನೋಡಿದೆ. ಅವನ ಬಲಗಾಲು ಕಾರಿನ ಮ್ಯಾಟನ್ನು ಜೀವ ಬಿಟ್ಟು ಒತ್ತುತ್ತಿತ್ತು. ಅದರ ಪಕ್ಕದಲ್ಲೇ ನನ್ನ ಕಾಲೂ ಒತ್ತುತ್ತಿತ್ತು. ಇಬ್ಬರ ಕಾಲಿನ ಕೆಳಗೂ ಬ್ರೇಕಿರಲಿಲ್ಲ. ಅಷ್ಟು ಹೆದರಿಕೆ ನಾನು ಹಿಂದೆ ಪಟ್ಟಿಲ್ಲ, ಆಮೇಲೂ ಪಟ್ಟಿಲ್ಲ.

"ಗಾಡಿ ನಿಂದರ್ಸು!" ಎಂದು ಕೂಗಿದೆ.

"ಮತ್ತೇನ ಕಂಡ್ತು? ಟ್ರ್ಯಾಕ್ಟರೇನು?" ಅಂದ ಆನಂದ, ಹಿಂದೆ ನೋಡದೆ.

"ಅಪ್ಪಗ ಏನೋ ಆಗೇತಿ!"

"ಮುನಿಸದು, ಬಿಡ ನೀ. ಅವ್ರನ್ನ ಮುಟ್ಟಬ್ಯಾಡ," ಅಂದಳು ಅವ್ವ.

ತಪ್ಪು ಅವರದೆನ್ನಲಾರೆ. ದಿನವಿಡೀ ಹುಲಿ ಬಂತು ಹುಲಿ ಎಂದವಳ ಮಾತನ್ನು ಯಾರು ಕೇಳುತ್ತಾರೆ? ನಾನು ಮುಂದೆ ಬಾಗಿ ಆನಂದನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದೆ. ಕಾರು ಕಿರ್ರೆಂದು ತಿರುವಿನಲ್ಲೇ ನಿಂತಿತು. ಅವ್ವ ತಿರುಗಿ ನೋಡಿದಳು. ನೋಡಿದವಳು, "ಏನ್ರಿ... ಏನ್ರೀ ಇದು," ಎಂದಳು, ಅಷ್ಟೇ.

ಆನಂದ ಇಳಿದು ಬಂದು ಅಪ್ಪನ ಕೆನ್ನೆ ತಟ್ಟಿದ. ಅಪ್ಪನ ತಲೆ ಒಂದು ಕಡೆಗೆ ವಾಲಿತು. "ಸಕ್ಕರಿ ಏರೇತಿ ಅನ್ಸತೈತಿ. ದವಾಖಾನಿಗೆ ಹೊಡೀತೇನಿ. ಏನೂ ಕೊಡಬ್ಯಾಡ್ರಿ," ಅಂದ. ಹಿಂದೆ ಬೈಲಹೊಂಗಲಕ್ಕೆ ಹೋಗುವುದೋ, ಮುಂದೆ ಕಿತ್ತೂರಿಗೆ ಓಡಿಸುವುದೋ ಅವನಿಗೆ ತಿಳಿಯಲಿಲ್ಲ. ಕಾರಿನ ಬೀಗದ ಕೈ ಕೆಳಗೆ ಬಿತ್ತು. ಸಕ್ಕರೆ ಏರಿದೆಯೋ ಇಳಿದಿದೆಯೋ? ಏರಿದ್ದರೆ ಸಿಹಿ ಕೊಟ್ಟು ಇನ್ನಷ್ಟು ಕೆಡಿಸಿದ ಹಾಗೆ. ಇಳಿದಿದ್ದರೆ ಕೊಡದೆ ಕೊಂದ ಹಾಗೆ. ಗ್ಯಾಸು ಬಂದ್ ಆಗಿದೆಯೋ ಇಲ್ಲವೋ ಎಂದು ನಿರ್ಧಾರ ಮಾಡಲಾಗದ ನಾನು ಅದನ್ನು ನಿರ್ಧಾರ ಮಾಡಬೇಕಾಗಿತ್ತು. ಆಗ ನನಗೆ ನೆನಪಾದದ್ದು ಹೋಳಿಗೆ. ಅವನ ಹೋಳಿಗೆ ನನ್ನ ಹೊಟ್ಟೆಯಲ್ಲಿದೆ. ಅವನ ಹೊಟ್ಟೆಯಲ್ಲಿ ಇರುವುದು ಮುಂಜಾನೆಯ ಸೂಜಿ ಮಾತ್ರ.

"ಇಳದೈತಿ," ಅಂದೆ. "ಅಪ್ಪ ಏನೂ ಉಂಡಿಲ್ಲ. ಸೂಜಿ ಅಷ್ಟ ಮಾಡ್ಕೊಂಡಾನ. ಸಿಹಿ ಏನರ ಕೊಡ್ರಿ, ಲಗೂನ!"

ಕೊಡುವುದೇನು? ಅವ್ವ ಡಿಕ್ಕಿ ತೆಗೆದು ಹುಚ್ಚಿಯ ಹಾಗೆ ಗಂಟು ಬಿಚ್ಚಿದಳು. ರೊಟ್ಟಿ, ಹಿಂಡಿ, ಮೊಸರು, ಮೆಣಸಿನಕಾಯಿ. ಮೊಸರಿನ ಗಡಿಗೆ ಉರುಳಿತು. ಒಂದು ಚೂರು ಸಿಹಿಯಿಲ್ಲ. ಸುತ್ತಲೂ ಕಣ್ಣು ಹಾಯುವವರೆಗೆ ಕಬ್ಬು ನಿಂತಿದೆ, ನಮ್ಮ ಕೈಯಲ್ಲಿ ಒಂದು ಹರಳು ಸಕ್ಕರೆಯಿಲ್ಲ. ಅವ್ವ ರಸ್ತೆಯ ಮೇಲೇ ಕುಕ್ಕರಿಸಿದಳು. "ನಾನ ಎಲ್ಲಾ ತಗದು ಒಗದ್ನಲ್ಲವಾ," ಎಂದು ಎದೆ ಬಡಿದುಕೊಂಡಳು.

ಅಷ್ಟರಲ್ಲಿ ಹಿಂದೆ ಹಾಡಿನ ಅಬ್ಬರ ಕೇಳಿತು. ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರು, ಮನೆ ಎತ್ತರದ ಹೇರು, ತಿರುವಿನಲ್ಲಿ ವಾಲುತ್ತ ಬರುತ್ತಿತ್ತು. ನಾನು ಅದರ ಮುಂದೆ ಓಡಿ ನಡುರಸ್ತೆಯಲ್ಲಿ ಎರಡೂ ಕೈ ಎತ್ತಿ ನಿಂತೆ. ಹೌದು, ನಾನೇ. ಆಮೇಲೆ ಆನಂದ ಹೇಳಿದ, ಟ್ರ್ಯಾಕ್ಟರಿನ ಮೂತಿ ನನ್ನ ಸೀರೆಗೆ ತಾಗುವಷ್ಟು ಹತ್ತಿರ ನಿಂತಿತಂತೆ. ನನಗೆ ಅದು ಕಂಡೇ ಇಲ್ಲ.

ತಲೆಗೆ ಟವೆಲು ಸುತ್ತಿದ ನಡುವಯಸ್ಸಿನವನೊಬ್ಬ ಮೇಲಿಂದ ಬಯ್ಯಲು ಬಾಯಿ ತೆರೆದ. ನನ್ನ ಮುಖ ನೋಡಿ ಕೆಳಗೆ ಬಾಗಿದ. "ಸಿಹಿ ಐತೇನೋ ಯಣ್ಣಾ? ನಮ್ಮಪ್ಪ ಹೊಂಟಾನ," ಅಂದೆ. ಅವನು ಹಾಡು ಬಂದ್ ಮಾಡಿ, ಸೀಟಿನ ಹಿಂದೆ ಕಟ್ಟಿದ್ದ ಬುತ್ತಿಯ ಗಂಟು ಬಿಚ್ಚಿದ. ರೊಟ್ಟಿಯ ಮೇಲೆ ಒಂದು ದೊಡ್ಡ ಉಂಡೆ ಬೆಲ್ಲ. "ತಗೋರಿ ಅಕ್ಕಾರ, ಓಡ್ರಿ," ಅಂದ.

ಅಪ್ಪನಿಗೆ ನುಂಗುವ ಎಚ್ಚರ ಇರಲಿಲ್ಲ. ಅವ್ವ ಅವನ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡಳು. ಬೆಲ್ಲವನ್ನು ನೀರಿನ ಹನಿಯಲ್ಲಿ ಮೆದುಮಾಡಿ, ಬೆರಳಿಗೆ ಹಚ್ಚಿ, ಅವನ ಕೆನ್ನೆಯ ಒಳಗೆ, ಒಸಡಿಗೆ ಮೆಲ್ಲಗೆ ತಿಕ್ಕಿದಳು, ಹಸುಗೂಸಿಗೆ ನೆಕ್ಕಿಸುವ ಹಾಗೆ. ಮತ್ತೆ ಹಚ್ಚಿದಳು, ಮತ್ತೆ ತಿಕ್ಕಿದಳು. ಮನೆಯಿಂದ ಸಿಹಿಯನ್ನು ಓಡಿಸಿದ ಅದೇ ಕೈ. ಆನಂದ ರಸ್ತೆಯ ಮೇಲೆ ಮೊಣಕಾಲೂರಿ ಅಪ್ಪನ ಪಾದ ಹಿಡಿದುಕೊಂಡಿದ್ದ. ಟ್ರ್ಯಾಕ್ಟರಿನವನು ಹಿಂದೆ ನಿಂತು ಬರುವ ಗಾಡಿಗಳಿಗೆ ಟವೆಲು ಬೀಸುತ್ತಿದ್ದ. ಕಬ್ಬಿನ ಗರಿ ಗಾಳಿಗೆ ಸರಸರ ಅನ್ನುತ್ತಿತ್ತು. ನಾನು ಅಪ್ಪನ ತುಟಿಯನ್ನೇ ನೋಡುತ್ತ ನಿಂತಿದ್ದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ನನಗೆ ಗೊತ್ತಿಲ್ಲ.

ಮೊದಲು ಕೈ ಗೇರ್ ಬಿಟ್ಟಿತು. ಆಮೇಲೆ ಅಪ್ಪ ನಾಲಿಗೆಯಿಂದ ತುಟಿ ಸವರಿಕೊಂಡ. ಕಣ್ಣು ತ್ರಾಸಿನಿಂದ ತೆರೆದು ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಹುಣಸೆಮರ ನೋಡಿದ, ಹಿಂದೆ ಸಾಲುಗಟ್ಟಿ ನಿಂತ ಗಾಡಿಗಳನ್ನು ನೋಡಿದ. ಕೊನೆಗೆ ಆನಂದನನ್ನು ನೋಡಿ, ಬೆಲ್ಲ ಮೆತ್ತಿದ ಬಾಯಿಂದ ಮೊದಲ ಮಾತು ಆಡಿದ.

"ತಿರುವಿನ್ಯಾಗ ಗಾಡಿ ನಿಂದರಸ್ತಾರೇನೋ, ಹುಚ್ಚಪ್ಪಾ?"

ಆನಂದ ಅವನ ಕಾಲು ಹಿಡಿದುಕೊಂಡೇ ಗೊಳೋ ಎಂದು ಅತ್ತ. ನಾವೆಲ್ಲರೂ ಅತ್ತೆವು. ಅಪ್ಪ ಬುತ್ತಿಯ ರೊಟ್ಟಿಯನ್ನೂ ಅಷ್ಟಿಷ್ಟು ತಿಂದ. ಟ್ರ್ಯಾಕ್ಟರಿನವನ ಹೆಸರು ಕೇಳಬೇಕೆಂದು ನನಗೆ ನೆನಪಾದಾಗ ಅವನ ಹಾಡು ಎಷ್ಟೋ ದೂರ ಹೋಗಿತ್ತು. ಕಿತ್ತೂರಿನ ಡಾಕ್ಟರು ಬೆರಳು ಚುಚ್ಚಿ ನೋಡಿ, "ಬೆಲ್ಲ ಕೊಟ್ಟಿದ್ದು ಛಲೋ ಮಾಡಿದ್ರಿ. ಸೂಜಿ ಮಾಡ್ಕೊಂಡು ಉಪವಾಸ ಇರಬಾರದ್ರಿ ಅಜ್ಜಾರ," ಅಂದರು. ಮತ್ತಷ್ಟು ಹೊತ್ತು ಕೂಡಿಸಿಕೊಂಡು, ಇನ್ನೊಮ್ಮೆ ನೋಡಿ, ಹೋಗಲು ಬಿಟ್ಟರು.

ವಾರದ ಮನೆ ಚೆನ್ನಾಗಿಯೇ ಇತ್ತು. ಪ್ರಕಾಶ ಈಜುಕೊಳ ತೋರಿಸಿದ, ಬಿಸಿನೀರಿನ ನಳ ತೋರಿಸಿದ. ನನಗೆ ಏನೂ ಕಾಣಲಿಲ್ಲ. ಅಪ್ಪ ಮಧ್ಯಾಹ್ನ ಆ ಯಾರದೋ ಹಾಸಿಗೆಯ ಮೇಲೆ ಮಲಗಿದಾಗ ನಾನು ಮೆಲ್ಲಗೆ ಹೋಗಿ ಅವನ ಮೂಗಿನ ಹತ್ತಿರ ಕೈ ಹಿಡಿದೆ. ಅಪ್ಪ ಒಂದೇ ಕಣ್ಣು ತೆರೆದು, "ಇನ್ನ ಅದೇನಿ, ಹೋಗು," ಅಂದ.

ಸಂಜೆ ಎಲ್ಲರೂ ಅಂಗಳದಲ್ಲಿದ್ದರು. ನಾವಿಬ್ಬರೇ ಕಟ್ಟೆಯ ಮೇಲೆ. "ಅಪ್ಪಾ, ನೀ ಏನ ಅಂತಿದ್ದಿ ಗೊತ್ತೈತೇನು?" ಎಂದು ಕೇಳಿದೆ, ಬ್ರೇಕಿನ ಮಾತು ಹೇಳಿದೆ. ಅವನು ಕಾಡಿನ ಕಡೆ ಮುಖ ತಿರುಗಿಸಿದ.

"ಅದು ಇವತ್ತಿಂದಲ್ಲವಾ," ಅಂದ. "ದಿನಾ ಅದ ಕನಸು ಬೀಳತಿತ್ತು ನನಗ. ಮುಂಜಾನೆ ಗಾಡಿ ಬಿಡೂಮುಂದ ನಾಕ್ ಸಲ ಬ್ರೇಕ್ ತುಳದು ನೋಡತಿದ್ನಿ. ಹಿಂದ ಅಷ್ಟು ಮಂದಿ ನನ್ನ ಮ್ಯಾಲೆ ಭಾರ ಹಾಕಿ ನಿದ್ದಿ ಮಾಡತಿದ್ರು. ಡ್ರೈವರ್ ಅಂಜತಾನ ಅಂದ್ರ ಬಸ್ಸು ಯಾರ ಹತ್ತತಾರ? ಅದಕ್ಕ ಬಾಯಿ ಮುಚ್ಚಿ ಕುಂದರತಿದ್ನಿ. ಮಂದಿ ಗರಂ ಅದಾರ ಅಂತಿದ್ರು. ಅನ್ಲಿ ಅಂತ ಬಿಟ್ಟೆ."

"ಮತ್ತ ನನ್ನ ನೋಡಿ ನಗತಿದ್ದ್ಯಲ್ಲ?"

"ನೀ ಅಂಜಿಕಿ ಬಂದ್ರ ಕೂಗತಿದ್ದಿ. ನನಗ ಅದು ಬರತಿರಲಿಲ್ಲ," ಅಂದ.

ಆ ಬೆಲ್ಲದ ಉಂಡೆಯಲ್ಲಿ ಉಳಿದ ಚೂರನ್ನು ನಾನು ಕಾರಿನಲ್ಲಿ ಇಟ್ಟದ್ದು ಅಂದಿನಿಂದ. ಅದು ಕರಗಿತು, ಹೊಸದು ಬಂತು, ಎಷ್ಟೋ ಸಲ ಬದಲಾಯಿತು. ವಾರದ ಮನೆಗೆ ಪ್ರತಿ ವರ್ಷ ಹೋಗುತ್ತೇವೆ. ದುರಗವ್ವ ಅತ್ತೆ ಈಗ ಅಪ್ಪನ ತಾಟಿಗೆ ಅರ್ಧ ಹೋಳಿಗೆ ಹಾಕುತ್ತಾಳೆ, ಅವ್ವ ಅದನ್ನು ಎತ್ತುವುದಿಲ್ಲ. ಆನಂದ ಮರ ಬರುವ ಎಷ್ಟೋ ಮೊದಲೇ ಎರಡು ಸಲ ಹಾರ್ನ್ ಹಾಕುತ್ತಾನೆ. ಇನ್ನೊಂದು ಸಂಗತಿ ಇದೆ. ಕಳೆದ ವರ್ಷ ಡಾಕ್ಟರು ನನಗೂ ಅದೇ ಸೂಜಿ ಬರೆದುಕೊಟ್ಟರು. ಅಂಜಿಕೆ ಅಪ್ಪನಿಂದ ಬಂದದ್ದು ಅಂತ ಆ ಸಂಜೆಯೇ ಗೊತ್ತಾಗಿತ್ತು, ಸಕ್ಕರೆಯೂ ಹಿಂದಿನಿಂದ ಬಂತು.

ನಿನ್ನೆ ನಾವು ಹೊರಟೆವು. ಇರುವೆ ಝಾಡಿಸಿ, ಹೊಸ ಬೆಲ್ಲ ತುಂಬಿ, ಡಬ್ಬಿಯನ್ನು ಹಿಂದಿನ ಸೀಟಿನಲ್ಲಿ ನನಗೂ ಅಪ್ಪನಿಗೂ ನಡುವೆ ಇಟ್ಟಿದ್ದೆ. ಆನಂದ ರಾಮದುರ್ಗದಿಂದ ಬೈಲಹೊಂಗಲದವರೆಗೆ ನನ್ನ ಇರುವೆಗಳ ಮೇಲೆ ಚೇಷ್ಟೆ ಮಾಡಿದ. ಅವುಗಳಿಗೂ ರಿಸಾರ್ಟಿನಲ್ಲಿ ಒಂದು ವಾರ ಬುಕ್ ಮಾಡಿಸಿದ್ದೇನೆ ಅಂದ. ಮೊದಲು ನಕ್ಕೆ, ಆಮೇಲೆ ಸಿಟ್ಟು ಬಂತು. ಮುಖ ತಿರುಗಿಸಿ, ಕಿಟಕಿಗೆ ಹಣೆ ಒತ್ತಿ ಕೂತೆ. ಅವ್ವ ಏನೋ ಕೇಳಿದಳು, ಓ ಅನ್ನಲಿಲ್ಲ. ಬಿಸಿಲು ಹಿತವಾಗಿತ್ತು, ಕಣ್ಣು ಮುಚ್ಚಿದೆ. ಆನಂದ ಹಾರ್ನ್ ಹಾಕಿದ್ದು ಕೇಳಿತು, ಒಮ್ಮೆ, ಇನ್ನೊಮ್ಮೆ. ಹುಣಸೆಮರದ ನೆರಳು ರೆಪ್ಪೆಯ ಮೇಲೆ ಹಾದು ಹೋಯಿತು.

ಪಕ್ಕದಲ್ಲಿ ಡಬ್ಬಿಯ ಮುಚ್ಚಳ ಬಡಬಡ ಸದ್ದು ಮಾಡಿತು. ಕಣ್ಣು ತೆರೆದೆ. ಅಪ್ಪ ನನ್ನ ಕಡೆ ಪೂರ್ತಿ ತಿರುಗಿ ಕೂತಿದ್ದ. ಈಗ ಅವನ ಕೈ ಸದಾ ನಡುಗುತ್ತದೆ, ಅದರೊಳಗೆ ಒಂದು ತುಂಡು ಬೆಲ್ಲ. ಅವನ ಮುಖ ನೋಡಿದೆ. ಜನ್ಮವಿಡೀ ಬಚ್ಚಿಟ್ಟುಕೊಂಡ ಅಂಜಿಕೆ ಅಲ್ಲಿ ಹಾಗೇ ಹೊರಗೆ ನಿಂತಿತ್ತು.

"ಏನಾಗಿಲ್ಲಪಾ, ಬರೇ ಸಿಟ್ಟು ಬಂದೈತಿ," ಎಂದು ಹೇಳಬೇಕೆಂದಿದ್ದೆ. ಅವನು ಬೆಲ್ಲವನ್ನು ನನ್ನ ತುಟಿಗೆ ಒತ್ತಿ ಹಿಡಿದ.

"ಮೊದಲ ಬಾಯಿ ತಗಿ," ಅಂದ. "ಮುನಿಸು ಆಮ್ಯಾಲೆ ಮಾಡೂವಂತಿ."

ಬೆಲ್ಲದ ಮೇಲೆ ಒಂದು ಇರುವೆ ಓಡಾಡುತ್ತಿತ್ತು. ನಾನು ಬಾಯಿ ತೆರೆದೆ.